‘ಅದೇ, ಪು. ೧೧೨’

ಕೋಲಾರದಲ್ಲಿ ಪಿಎಚ್.ಡಿ. ಮಾಡುವವರ ನಡುವೆ ಒಂದು ಮಾತು ಚಾಲ್ತಿಯಲ್ಲಿದೆ: ಗೈಡ್ ಒಪ್ಪಿದರೆ ಅರ್ಧ ಮುಗಿದಂತೆ, ಮುನಿಲಕ್ಷ್ಮಿ ಒಪ್ಪಿದರೆ ಪೂರ್ತಿ ಮುಗಿದಂತೆ. ಮುನಿಲಕ್ಷ್ಮಿ ಯಾವ ವಿಶ್ವವಿದ್ಯಾಲಯದ ಅಧ್ಯಾಪಕಿಯೂ ಅಲ್ಲ. ಪಿ.ಯು.ಸಿ.ಗೆ ಓದು ನಿಲ್ಲಿಸಿ, ಬೆರಳಚ್ಚು ಕಲಿತು, ಕಾಲೇಜಿನ ಎದುರಿನ ರಸ್ತೆಯಲ್ಲಿ ಡಿ.ಟಿ.ಪಿ. ಅಂಗಡಿ ಇಟ್ಟುಕೊಂಡವರು. ವಯಸ್ಸು ಐವತ್ತರ ಆಸುಪಾಸು. ಒಂದು ಮೇಜು, ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಯಂತ್ರ, ಟೊಮೆಟೊ ಲಾರಿಗಳ ಧೂಳು ಒಳಗೆ ಬರದಂತೆ ಅರ್ಧಕ್ಕೆ ಇಳಿಬಿಟ್ಟ ಷಟರ್. ವಿಜ್ಞಾನದ ಬಗ್ಗೆ ನಾನು ಆಗೊಮ್ಮೆ ಈಗೊಮ್ಮೆ ಬರೆಯುವ ಲೇಖನಗಳು ಹತ್ತು ವರ್ಷಗಳಿಂದ ಅಲ್ಲಿಯೇ ಅಕ್ಷರರೂಪ ಪಡೆಯುತ್ತಿವೆ.

ಹೆಚ್ಚಿನ ಬೆರಳಚ್ಚುಗಾರರು ಪುಟದ ಮೇಲ್ಭಾಗವನ್ನು ಮಾತ್ರ ಓದುತ್ತಾರೆ. ಮುನಿಲಕ್ಷ್ಮಿ ಓದುವುದು ಕೆಳಭಾಗವನ್ನು. ಅಡಿಟಿಪ್ಪಣಿಯಲ್ಲಿ ಬಂದ ಪುಸ್ತಕ ಕೊನೆಯ ಗ್ರಂಥಋಣದ ಪಟ್ಟಿಯಲ್ಲಿ ಇದೆಯೇ, ಪಟ್ಟಿಯಲ್ಲಿ ಇರುವುದು ಒಮ್ಮೆಯಾದರೂ ಅಡಿಟಿಪ್ಪಣಿಗೆ ಬಂದಿದೆಯೇ ಎಂದು ಪೆನ್ಸಿಲಿನಿಂದ ಗುರುತು ಹಾಕುತ್ತಾ ಹೋಗುತ್ತಾರೆ. ಒಂದು ಮಧ್ಯಾಹ್ನ ನಾನು ಕುಳಿತಿದ್ದಾಗ ಒಬ್ಬ ಸಂಶೋಧಕ, ಪಟ್ಟಿ ಬಡವಾಗಿ ಕಾಣುತ್ತಿದೆ, ಇನ್ನೊಂದು ಇಪ್ಪತ್ತು ಪುಸ್ತಕ ಸೇರಿಸಿಬಿಡಿ ಎಂದು ಕೇಳಿಕೊಂಡ. ಅಷ್ಟನ್ನೂ ಓದಿದ್ದೀಯಾ ಎಂದು ಅವರು ವಿಚಾರಿಸಿದರು. ನೋಡಿದ್ದೇನೆ ಎಂದ.

“ನೋಡಿರೋದನ್ನೆಲ್ಲ ಹಾಕೋಕೆ ಇದೇನು ಮದುವೆ ಆಲ್ಬಮ್ಮಾ?” ಎಂದರು ಮುನಿಲಕ್ಷ್ಮಿ, ಪರದೆಯಿಂದ ಕಣ್ಣು ತೆಗೆಯದೆ.

ಅಂಗಡಿಗೆ ಒಂದು ಕಟ್ಟಳೆ ಇತ್ತು. ‘ಅದೇ’ ಎಂಬ ಪದವನ್ನು ಕೊನೆಯ ದಿನದವರೆಗೆ ಹಾಕುವಂತಿಲ್ಲ. ಪ್ರಬಂಧಗಳನ್ನು ಓದುವ ಅಭ್ಯಾಸವಿಲ್ಲದವರಿಗೆ ಇದನ್ನು ಬಿಡಿಸಿ ಹೇಳಬೇಕು. ಒಂದು ಅಡಿಟಿಪ್ಪಣಿಯಲ್ಲಿ ಲೇಖಕ, ಪುಸ್ತಕ, ಪುಟ ಎಲ್ಲವನ್ನೂ ಕೊಟ್ಟ ಮೇಲೆ ಮುಂದಿನ ಟಿಪ್ಪಣಿಯೂ ಅದೇ ಪುಸ್ತಕದ್ದಾದರೆ ಪೂರ್ತಿ ವಿವರವನ್ನು ಮತ್ತೆ ಬರೆಯುವುದಿಲ್ಲ; ‘ಅದೇ, ಪು. ೪೫’ ಎಂದರೆ ಸಾಕಾಗುತ್ತದೆ. ಜಾಗ ಉಳಿಯುತ್ತದೆ, ಓದುಗನಿಗೂ ಅನುಕೂಲ. ಆದರೆ ಆ ಎರಡಕ್ಷರಕ್ಕೆ ಸ್ವಂತ ಹೆಸರಿಲ್ಲ. ಅದು ತನ್ನ ಮೇಲಿನ ಸಾಲನ್ನು ನಂಬಿ ನಿಂತಿರುತ್ತದೆ. ಮೇಲಿನ ಸಾಲನ್ನು ಯಾರಾದರೂ ಬದಲಾಯಿಸಿದರೆ ‘ಅದೇ’ ತಕರಾರು ಎತ್ತುವುದಿಲ್ಲ. ಹೊಸದಾಗಿ ಬಂದವರ ಕಡೆಗೆ ಕೈ ತೋರಿಸುತ್ತಾ ಇದ್ದಲ್ಲಿಯೇ ಇರುತ್ತದೆ. ಈಗಿನ ಕಂಪ್ಯೂಟರ್ ಟಿಪ್ಪಣಿಗಳ ಸಂಖ್ಯೆಯನ್ನು ತಾನೇ ಸರಿಪಡಿಸುತ್ತದೆ, ‘ಅದೇ’ಯನ್ನು ಸರಿಪಡಿಸುವುದಿಲ್ಲ. ಆದ್ದರಿಂದ ಮುನಿಲಕ್ಷ್ಮಿ ಎಲ್ಲ ಟಿಪ್ಪಣಿಗಳನ್ನೂ ಪೂರ್ತಿಯಾಗಿಯೇ ಇಟ್ಟುಕೊಂಡು, ಇನ್ನು ಯಾವ ತಿದ್ದುಪಡಿಯೂ ಇಲ್ಲ ಎಂದು ಖಚಿತವಾದ ದಿನ ಕುಳಿತು ಒಂದೊಂದಾಗಿ ‘ಅದೇ’ ಮಾಡುತ್ತಿದ್ದರು. ಈ ಕಟ್ಟಳೆ ಅವರಿಗೆ ಅನುಭವದಿಂದ ಬಂದದ್ದು. ಆದರೆ ಅದು ಬರುವುದಕ್ಕೆ ಮೊದಲೇ ಆಗಿಹೋಗಿದ್ದ ಒಂದು ತಪ್ಪು ಅವರ ಸ್ವಂತ ಮನೆಯದು ಎಂಬುದು ಕಳೆದ ವರ್ಷದವರೆಗೆ ಅವರಿಗೂ ಗೊತ್ತಿರಲಿಲ್ಲ.

ಶ್ರೀನಿವಾಸಪುರದಿಂದ ದಿನವೂ ಬಸ್ಸಿನಲ್ಲಿ ಬಂದು ಕೋಲಾರದ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿರುವ ತ್ರಿವೇಣಿ, ಕೆರೆಗಳ ನೀರು ಹಂಚಿಕೆಯನ್ನು ಕುರಿತ ತಮ್ಮ ಮಹಾಪ್ರಬಂಧವನ್ನು ಅಲ್ಲಿ ಬೆರಳಚ್ಚಿಗೆ ಕೊಟ್ಟಿದ್ದರು. ಮರುವಾರದ ಸೋಮವಾರ ಅದನ್ನು ಒಪ್ಪಿಸಬೇಕಿತ್ತು. ನಾಲ್ಕನೆಯ ಅಧ್ಯಾಯ ಟೈಪಾಗುತ್ತಿದ್ದಾಗ ಮುನಿಲಕ್ಷ್ಮಿಯ ಕೈ ಒಂದು ವಾಕ್ಯದ ಮೇಲೆ ನಿಂತಿತು: “ಕೆರೆ ತುಂಬಿದ ವರ್ಷ ತೂಬಿನ ಪಕ್ಕದವನಿಗೆ ಮೊದಲು, ತುಂಬದ ವರ್ಷ ಕೊನೆಗದ್ದೆಯವನಿಗೆ ಮೊದಲು.” ಕೆಳಗಿನ ಟಿಪ್ಪಣಿ, ಒಂದು ಸ್ವಯಂಸೇವಾ ಸಂಸ್ಥೆ ಹಿಂದೆಂದೋ ಅಚ್ಚು ಹಾಕಿಸಿದ್ದ ಕೆರೆಗಳ ಸಮೀಕ್ಷಾ ವರದಿಯ ಹೆಸರು ಹೇಳಿ, ಪುಟ ೧೧೨ ಎಂದಿತ್ತು.

“ತ್ರಿವೇಣಿ ಮೇಡಂ, ಇದು ನಮ್ಮಪ್ಪನ ಮಾತು” ಎಂದರು ಮುನಿಲಕ್ಷ್ಮಿ.

ಅವರ ತಂದೆ ಗಂಗುಲಪ್ಪ ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರದಲ್ಲಿ ನೀರುಗಂಟಿ. ಕೆರೆಯ ತೂಬು ತೆಗೆದು ಮುಚ್ಚಿ, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನಿರ್ಧರಿಸಿ ಹರಿಸುವುದು ಅವರ ಕೆಲಸವಾಗಿತ್ತು. ಇಪ್ಪತ್ತನಾಲ್ಕು ವರ್ಷಗಳ ಹಿಂದೆ ಚನ್ನರಾಯಪ್ಪ ಎಂಬ ಕಾಲೇಜು ಅಧ್ಯಾಪಕರು ಅದೇ ವಿಷಯದ ಮೇಲೆ ಸಂಶೋಧನೆ ಮಾಡುತ್ತಾ, ಕೆರೆಯ ಕಟ್ಟೆಯ ಮೇಲೆ ಗಂಗುಲಪ್ಪನವರ ಜೊತೆ ಕುಳಿತು ಅವರ ಮಾತನ್ನು ನೋಟ್‌ಬುಕ್ಕಿಗೆ ಬರೆದುಕೊಂಡಿದ್ದರು. ಆ ಪ್ರಬಂಧವನ್ನು ಟೈಪ್ ಮಾಡಿದವರು ಆಗಿನ್ನೂ ಹೊಸದಾಗಿ ಅಂಗಡಿ ತೆರೆದಿದ್ದ ಮುನಿಲಕ್ಷ್ಮಿಯೇ. ಮೊದಲ ಪ್ರೂಫಿನ ಹಾಳೆಯನ್ನು ಊರಿಗೆ ಒಯ್ದು, ಓದಲು ಬಾರದ ತಂದೆಯ ಬೆರಳು ಹಿಡಿದು ಟಿಪ್ಪಣಿಯ ಮೇಲಿಟ್ಟು, ನೀನು ಇಲ್ಲಿದ್ದೀಯ ನೋಡು ಎಂದು ತೋರಿಸಿದ್ದರಂತೆ. ಇಷ್ಟು ಚಿಕ್ಕದಾಗಿದ್ದೀನಾ ಎಂದು ಗಂಗುಲಪ್ಪ ನಕ್ಕಿದ್ದರಂತೆ. ಅವರು ತೀರಿಕೊಂಡು ಈಗ ಇಪ್ಪತ್ತು ವರ್ಷ.

ತ್ರಿವೇಣಿಗೆ ಇದನ್ನು ಹೇಗೆ ತೆಗೆದುಕೊಳ್ಳಬೇಕೆಂದು ತಿಳಿಯಲಿಲ್ಲ. ತಮಗಿಂತ ಮುಂಚೆ ಬಂದ ಎರಡು ಲೇಖನಗಳಲ್ಲಿಯೂ ಒಂದು ಪುಸ್ತಕದಲ್ಲಿಯೂ ಈ ಮಾತಿಗೆ ಆಧಾರವಾಗಿ ಅದೇ ವರದಿಯನ್ನು, ಅದೇ ಪುಟವನ್ನು ಕೊಟ್ಟಿದ್ದಾರೆ. ತಾವೊಬ್ಬರೇ ಬೇರೆ ಕೊಟ್ಟರೆ ಪರೀಕ್ಷಕರು ತಪ್ಪು ತಮ್ಮದೆಂದೇ ಭಾವಿಸುತ್ತಾರೆ ಎಂದರು. ವರದಿಯನ್ನು ನೀವು ನೋಡಿದ್ದೀರಾ ಎಂಬ ಮುನಿಲಕ್ಷ್ಮಿಯ ಪ್ರಶ್ನೆಗೆ ಇಲ್ಲ ಎಂಬ ಉತ್ತರ ಬಂತು.

ಅಲ್ಲೇ ಕುಳಿತು ಕೇಳುತ್ತಿದ್ದ ನನ್ನ ಅನುಮಾನ ಬೇರೆಯ ಕಡೆಗಿತ್ತು. ನೆನಪು ಒಳ್ಳೆಯ ಸಾಕ್ಷಿಯಲ್ಲ. ನಾವು ಪ್ರೀತಿಸಿದವರ ಬಾಯಲ್ಲಿ ಒಳ್ಳೆಯ ಮಾತುಗಳನ್ನು ಇಡುವುದು ಮನಸ್ಸಿನ ಹಳೆಯ ಅಭ್ಯಾಸ. ಊರಿನಲ್ಲಿ ಎಲ್ಲರೂ ಆಡುತ್ತಿದ್ದ ಮಾತನ್ನು ವರದಿಯವರೂ ಬರೆದುಕೊಂಡಿರಬಹುದು, ಗಂಗುಲಪ್ಪನವರೂ ಹೇಳಿರಬಹುದು. ಇದನ್ನು ಆದಷ್ಟು ಮೃದುವಾಗಿ ಹೇಳಿದೆ. ಮುನಿಲಕ್ಷ್ಮಿಗೆ ಬೇಸರವಾದಂತೆ ಕಾಣಲಿಲ್ಲ.

“ಅದಕ್ಕೇ ಸರ್, ನಾನು ಹೇಳಿದ್ರೆ ಸಾಲಲ್ಲ” ಎಂದರು. “ಮಗಳ ಮಾತು ಅಡಿಟಿಪ್ಪಣಿ ಆಗುತ್ತಾ?”

ಆ ವಾರವಿಡೀ ಅವರ ಪಾಲಿಗೆ ಉಳಿದದ್ದು ಒಂದೇ ಪ್ರಶ್ನೆ. ತಂದೆಯ ಹೆಸರು ಅಚ್ಚಾಗಿದೆ ಎಂದು ತಂದೆಗೇ ತೋರಿಸಿದ್ದು ನಿಜವೋ ಸುಳ್ಳೋ?

ಮಂಗಳವಾರ ತ್ರಿವೇಣಿ ಕಾಲೇಜಿನ ಗ್ರಂಥಾಲಯದಿಂದ ಚನ್ನರಾಯಪ್ಪನವರ ಪ್ರಬಂಧದ ಪ್ರತಿಯನ್ನೂ, ಕೆಳಗಿನ ಕಪಾಟಿನಲ್ಲಿ ಬಿದ್ದಿದ್ದ ಆ ವರದಿಯನ್ನೂ ತಂದರು. ವರದಿಯನ್ನು ಮೇಜಿನ ಮೇಲಿಟ್ಟು ಕೊನೆಯಿಂದ ತೆರೆದರು. ಮತ್ತೆ ಮುಚ್ಚಿ, ಮತ್ತೆ ತೆರೆದರು. ಅದರಲ್ಲಿ ಇದ್ದದ್ದು ತೊಂಬತ್ತಾರು ಪುಟ.

ತಪ್ಪು ಪುಟಸಂಖ್ಯೆಯೊಂದು ಒಬ್ಬರಿಂದ ಒಬ್ಬರಿಗೆ ಇಳಿದು ಬರುವುದು ವಿಜ್ಞಾನದ ಲೋಕದಲ್ಲಿಯೂ ಹೊಸದಲ್ಲ. ಎಷ್ಟು ಮಂದಿ ಮೂಲವನ್ನು ತೆರೆದು ನೋಡದೆ ಉಲ್ಲೇಖಿಸುತ್ತಾರೆ ಎಂಬುದನ್ನು ಅಂಥ ತಪ್ಪುಗಳ ಜಾಡು ಹಿಡಿದೇ ಅಂದಾಜು ಮಾಡಿದವರಿದ್ದಾರೆ. ಆದರೆ ಇಲ್ಲದ ಪುಟವೊಂದನ್ನು ನಾಲ್ಕು ಜನ ಓದಿರುವುದಾಗಿ ಹೇಳಿಕೊಂಡದ್ದನ್ನು ನಾನು ಕಣ್ಣಾರೆ ಕಂಡದ್ದು ಅದೇ ಮೊದಲು. ನಾಲ್ಕನೆಯವರು ತಾವು ಎಂಬುದು ತ್ರಿವೇಣಿಗೆ ಹೊಳೆದಿರಬೇಕು. ಅವರು ದುಪ್ಪಟ್ಟಾದಿಂದ ಮುಖ ಒರೆಸಿಕೊಂಡರು.

ಹಳೆಯ ಪ್ರಬಂಧವನ್ನು ಮುನಿಲಕ್ಷ್ಮಿ ತೆರೆದರು. ನಲವತ್ತೊಂದನೆಯ ಅಡಿಟಿಪ್ಪಣಿ ಆ ವರದಿಯದು, ಪುಟ ೩೦. ನಲವತ್ತೆರಡನೆಯದು, ಕೊನೆಗದ್ದೆಯ ಮಾತಿನದು: ‘ಅದೇ, ಪು. ೧೧೨.’

ಆಗ ಅವರಿಗೆ ಎಲ್ಲವೂ ನೆನಪಿಗೆ ಬಂತು. ಮೊದಲ ಪ್ರೂಫಿನಲ್ಲಿ ನಲವತ್ತೊಂದು ಗಂಗುಲಪ್ಪನವರದಾಗಿತ್ತು: ಹೆಸರು, ಊರು, ‘ಕ್ಷೇತ್ರಕಾರ್ಯದ ನೋಟ್‌ಬುಕ್ ೨, ಪು. ೧೧೦’. ಈ ಒಂದು ಅಂಶಕ್ಕೆ ಬಾಯಿಮಾತಿನ ತೂಕ ಸಾಲದು, ಅಚ್ಚಾದ ಆಧಾರ ಕೊಡಿ ಎಂದು ಚನ್ನರಾಯಪ್ಪನವರ ಗೈಡ್ ಹೇಳಿದ್ದರಿಂದ ಆ ಸಾಲು ಕೆಂಪು ಶಾಯಿಯಲ್ಲಿ ಹೊಡೆದುಹೋಗಿ, ಅದರ ಜಾಗಕ್ಕೆ ವರದಿ ಬಂತು. ತಂದೆಯ ಹೆಸರನ್ನು ಅಳಿಸಿದ್ದು ಮುನಿಲಕ್ಷ್ಮಿಯ ಬೆರಳುಗಳೇ.

“ಬೇಜಾರಾಗಿತ್ತು ಸರ್. ಆದ್ರೆ ನಲವತ್ತೆರಡರಲ್ಲಿ ಅಪ್ಪ ಇದ್ದಾನಲ್ಲ ಅಂದ್ಕೊಂಡೆ. ನನಗೆ ‘ಅದೇ’ ಅಂದ್ರೆ ಅಪ್ಪ. ಓದೋರಿಗೆ ಹಂಗಲ್ಲ ಅಂತ ಆವತ್ತು ಹೊಳೀಲೇ ಇಲ್ಲ.”

ಇದಾದ ಮೇಲೂ ಅವರು ತಮ್ಮ ಎಂದಿನ ಕೆಲಸವನ್ನು ಬಿಡಲಿಲ್ಲ. ಪೆನ್ಸಿಲ್ ತೆಗೆದುಕೊಂಡು ಹಳೆಯ ಪ್ರಬಂಧದ ಕೊನೆಯ ಪಟ್ಟಿಗಳಿಗೆ ಹೋದರು. ಗ್ರಂಥಋಣದ ನಂತರ ‘ವಕ್ತೃಗಳ ಪಟ್ಟಿ’ ಇತ್ತು. ಮಾಹಿತಿ ಹೇಳಿದ ಹಳ್ಳಿಯವರ ಹೆಸರುಗಳು, ಒಟ್ಟು ಹತ್ತೊಂಬತ್ತು. ಒಬ್ಬೊಬ್ಬರನ್ನೂ ಅಡಿಟಿಪ್ಪಣಿಗಳಲ್ಲಿ ಹುಡುಕಿ ಗುರುತು ಹಾಕಿದರು. ಹದಿನೆಂಟು ಮಂದಿ ಸಿಕ್ಕಿದರು. ಉಳಿದ ಒಂದು ಹೆಸರಿಗೆ ಇಡೀ ಪ್ರಬಂಧದಲ್ಲಿ ಒಂದು ಟಿಪ್ಪಣಿಯೂ ಇರಲಿಲ್ಲ: ‘ಗಂಗುಲಪ್ಪ, ೬೮ ವರ್ಷ, ನೀರುಗಂಟಿ, ದೇವರಾಯಸಮುದ್ರ.’

ಪಟ್ಟಿಯಲ್ಲಿ ಇದ್ದಾರೆ, ಮಾತಾಡಿಲ್ಲ. ಮಾತು ಇದೆ, ಆಡಿದವರಿಲ್ಲ. ಎರಡನ್ನೂ ಸೇರಿಸುವ ಆಸೆ ನನಗೂ ಆಯಿತು. ಆದರೂ ಇದು ಊಹೆಯೇ, ಪುರಾವೆಯಲ್ಲ. ಮುನಿಲಕ್ಷ್ಮಿ ನನ್ನ ಮುಖ ನೋಡಿ, ಇನ್ನೂ ಸಾಲದು ಅಲ್ಲವೇ ಎಂದು ತಾವೇ ಕೇಳಿ, ಚನ್ನರಾಯಪ್ಪನವರ ಫೋನ್ ನಂಬರಿಗಾಗಿ ಹಳೆಯ ಡೈರಿ ಹುಡುಕತೊಡಗಿದರು.

ಚನ್ನರಾಯಪ್ಪ ನಿವೃತ್ತರಾಗಿ ಮಾಲೂರಿನಲ್ಲಿದ್ದರು. ಗುರುವಾರ ಮಧ್ಯಾಹ್ನ ಮೂವರೂ ಬಸ್ಸು ಹತ್ತಿದೆವು. ನರಸಾಪುರದ ಬಳಿ ಪಾಳಿ ಬಿಡುವ ಹೊತ್ತು. ಕಂಪನಿ ಬಸ್ಸುಗಳ ಸಾಲಿನ ಹಿಂದೆ ಸಿಕ್ಕಿ ಬಸ್ಸು ಬಹಳ ಹೊತ್ತು ನಿಂತಿತು. ನೋಟ್‌ಬುಕ್ ಸಿಗದಿದ್ದರೆ ತಮ್ಮ ಪ್ರಬಂಧದಿಂದ ಆ ವಾಕ್ಯವನ್ನೇ ತೆಗೆದುಬಿಡುವುದಾಗಿ ತ್ರಿವೇಣಿ ಹೇಳಿದರು, ಆಧಾರವಿಲ್ಲದ್ದನ್ನು ಇಟ್ಟುಕೊಳ್ಳಲಾಗುವುದಿಲ್ಲ. ಮುನಿಲಕ್ಷ್ಮಿ ಅದು ಸರಿ ಎಂದು ತಲೆಯಾಡಿಸಿದರು. ಬಸ್ಸು ಹೊರಟ ಮೇಲೆ ಕಿಟಕಿಯ ಕಡೆಗೆ ತಿರುಗಿ ಕುಳಿತರು.

ಚನ್ನರಾಯಪ್ಪನವರು ವರಾಂಡದಲ್ಲಿಯೇ ಕಾದಿದ್ದರು. ವಿಷಯವನ್ನು ಫೋನಿನಲ್ಲಿಯೇ ಕೇಳಿ, ಅಟ್ಟದಿಂದ ಒಂದು ತಗಡಿನ ಪೆಟ್ಟಿಗೆ ಇಳಿಸಿಕೊಂಡಿದ್ದರು. ಮೊದಲನೆಯ ನೋಟ್‌ಬುಕ್ಕನ್ನು ಗೆದ್ದಲು ತಿಂದಿತ್ತು. ಎರಡನೆಯದು ಅಂಚು ಸವೆದು ಉಳಿದಿತ್ತು.

“ಏನಮ್ಮಾ ಮುನಿಲಕ್ಷ್ಮಿ, ಇಪ್ಪತ್ತನಾಲ್ಕು ವರ್ಷ ಆದ್ಮೇಲೆ ಪ್ರೂಫ್ ತಿದ್ದೋಕೆ ಬಂದ್ಯಾ?”

“ಕರೆಕ್ಷನ್ ತಪ್ಪು ಮಾಡಿದ್ದೆ ಸರ್.”

“ನೀನು ಟೈಪ್ ಮಾಡಿದವಳು. ಬರೆದವನು ನಾನು, ರುಜು ಹಾಕಿದವನೂ ನಾನು. ಡಾಕ್ಟರ್ ಅಂತ ಬೋರ್ಡು ನನ್ನ ಮನೆ ಮುಂದೆ ಇದೆ, ನಿನ್ನ ಅಂಗಡಿ ಮುಂದೆ ಅಲ್ಲ.”

ಅವರು ನೋಟ್‌ಬುಕ್ಕನ್ನು ತಾವು ತೆರೆಯದೆ ಆಕೆಯ ಕೈಗೆ ಕೊಟ್ಟರು. ನೂರಹನ್ನೆರಡನೆಯ ಪುಟದಲ್ಲಿ ನೀಲಿ ಶಾಯಿಯ ಅಕ್ಷರಗಳಿದ್ದವು, ಕನ್ನಡ ಲಿಪಿ, ಭಾಷೆ ತೆಲುಗು. ಮುಳಬಾಗಿಲು ಕಡೆಯ ಹಲವು ಮನೆಗಳಂತೆ ಗಂಗುಲಪ್ಪನವರ ಮನೆಯ ಮಾತೂ ತೆಲುಗೇ. ಕೇಳಿದ್ದನ್ನು ಕೇಳಿದಂತೆಯೇ ಬರೆದುಕೊಂಡು, ಪ್ರಬಂಧಕ್ಕೆ ಮಾತ್ರ ಕನ್ನಡಕ್ಕೆ ತಿರುಗಿಸಿದ್ದಾಗಿ ಚನ್ನರಾಯಪ್ಪ ವಿವರಿಸಿದರು. ಮುನಿಲಕ್ಷ್ಮಿ ಗಟ್ಟಿಯಾಗಿ ಓದಿದರು.

“ಮಾ ಅಮ್ಮ ಚೆಪ್ಪೇದಿ: ಚೆರುವು ನಿಂಡಿನ ಏಡು ತೂಮು ಪಕ್ಕನೋನಿಕಿ ಮುಂದು, ನಿಂಡನಿ ಏಡು ಕಡ ಮಡೋನಿಕಿ ಮುಂದು.”

ವಾಕ್ಯ ಅದೇ. ಪುಟದ ತಲೆಯ ಮೇಲೆ ಗಂಗುಲಪ್ಪನವರ ಹೆಸರು, ಊರು, ತಾರೀಕು. ಇನ್ನು ನನ್ನ ಅನುಮಾನಕ್ಕೆ ಅಲ್ಲಿ ಕೆಲಸವಿರಲಿಲ್ಲ. ಆದರೆ ಓದಿ ಮುಗಿಸಿದ ಮುನಿಲಕ್ಷ್ಮಿ ಮತ್ತೆ ಮೊದಲ ಮೂರು ಪದಗಳಿಗೆ ಹಿಂತಿರುಗಿದ್ದರು. ಮಾ ಅಮ್ಮ ಚೆಪ್ಪೇದಿ. ನಮ್ಮಮ್ಮ ಹೇಳುತ್ತಿದ್ದಳು. ಪಕ್ಕದ ಅಂಚಿನಲ್ಲಿ ಅದೇ ಶಾಯಿಯಲ್ಲಿ ಸಣ್ಣದಾಗಿ ಬರೆದಿತ್ತು: ‘ತಾಯಿ ಶಾಮಲಮ್ಮ, ಈಗಿಲ್ಲ. ಗಂಡ ಸತ್ತ ಮೇಲೆ ಎರಡು ವರ್ಷ ತೂಬು ಇವರದೇ ಉಸ್ತುವಾರಿ.’

“ಅಜ್ಜಿ ತೂಬು ನೋಡ್ಕೊಂಡಿದ್ದಳು ಅಂತ ಅಪ್ಪ ಹೇಳ್ತಿದ್ದ” ಎಂದರು ಮುನಿಲಕ್ಷ್ಮಿ. “ಸುಮ್ನೆ ಹೇಳ್ತಾನೆ ಅಂದ್ಕೊಂಡಿದ್ದೆ. ನಾನೂ ನಂಬಿರಲಿಲ್ಲ.”

ಚನ್ನರಾಯಪ್ಪ ಕನ್ನಡಕ ತೆಗೆದು ಒರೆಸುತ್ತಾ, ಆ ಮೂರು ಪದಗಳನ್ನು ತಾವೇಕೆ ಬಿಟ್ಟರೆಂದು ತಮಗೂ ಗೊತ್ತಿಲ್ಲ, ಬಹುಶಃ ವಾಕ್ಯಕ್ಕೆ ಅವು ಬೇಕಿಲ್ಲವೆಂದು ತೋರಿರಬೇಕು ಎಂದರು. ಓದು ಬಾರದ ಗಂಗುಲಪ್ಪ ಆಧಾರ ಕೊಟ್ಟು ಮಾತಾಡಿದ್ದರು. ಆಧಾರವನ್ನು ಕೈಬಿಟ್ಟವರು ಓದಿದವರು.

ತ್ರಿವೇಣಿ ಆ ಪುಟದ ಫೋಟೊ ತೆಗೆದುಕೊಂಡು ತಮ್ಮ ಗೈಡಿಗೆ ಕಳಿಸಿದರು. ಪರೀಕ್ಷಕರು ಕೇಳಿದರೆ ಉತ್ತರ ನಿಮ್ಮದು ಎಂಬ ಮರುನುಡಿ ಬಂತು. ಹೇಳುತ್ತೇನೆ ಎಂದು ಅವರು ಬರೆದರು. ಹಿಂತಿರುಗುವ ಬಸ್ಸಿನಲ್ಲಿ, ಟಿಪ್ಪಣಿಯಲ್ಲಿ ತಂದೆಯ ಹೆಸರನ್ನೇ ಮೊದಲು ಇಟ್ಟು, ಅಜ್ಜಿಯ ವಿಚಾರವನ್ನು ಆವರಣದಲ್ಲಿ ಸೇರಿಸಬಹುದಲ್ಲ, ಅದೂ ಸುಳ್ಳಾಗುವುದಿಲ್ಲ ಎಂದು ಮುನಿಲಕ್ಷ್ಮಿಗೆ ಸೂಚಿಸಿದರು. ಇಪ್ಪತ್ತನಾಲ್ಕು ವರ್ಷದ ನಂತರ ಸಿಕ್ಕ ಜಾಗದಲ್ಲಿ ತಂದೆಯನ್ನು ಎರಡನೆಯವನನ್ನಾಗಿಸುವುದು ಸುಲಭವಲ್ಲ. ಕೋಲಾರ ಬರುವವರೆಗೂ ಅವರು ಅದನ್ನೇ ಯೋಚಿಸುತ್ತಿದ್ದರೆಂದು ನನ್ನ ಅಂದಾಜು.

ಭಾನುವಾರ ನಾನು ಅಂಗಡಿಗೆ ಹೋದಾಗ ಕೊನೆಯ ಪ್ರತಿ ಸಿದ್ಧವಾಗುತ್ತಿತ್ತು. ತ್ರಿವೇಣಿ ಪಕ್ಕದ ಸ್ಟೂಲಿನಲ್ಲಿ ಕುಳಿತು ಗ್ರಂಥಋಣದ ಪಟ್ಟಿಯಿಂದ ತಾವು ಓದಿರದ ಪುಸ್ತಕಗಳನ್ನು ಒಂದೊಂದಾಗಿ ಹೊಡೆದುಹಾಕುತ್ತಿದ್ದರು. ಪರದೆಯ ಕೆಳಭಾಗದಲ್ಲಿ ಟಿಪ್ಪಣಿ ಹೀಗಿತ್ತು:

‘ಶಾಮಲಮ್ಮ ಅವರ ಮಾತು. ಹೇಳಿದವರು: ಅವರ ಮಗ ಗಂಗುಲಪ್ಪ, ನೀರುಗಂಟಿ, ದೇವರಾಯಸಮುದ್ರ. ಬರೆದುಕೊಂಡವರು: ಚನ್ನರಾಯಪ್ಪ, ಕ್ಷೇತ್ರಕಾರ್ಯದ ನೋಟ್‌ಬುಕ್ ೨, ಪು. ೧೧೨. ಇದನ್ನು ಸಮೀಕ್ಷಾ ವರದಿಯೊಂದರ ಪು. ೧೧೨ ಎಂದು ಉಲ್ಲೇಖಿಸುತ್ತ ಬಂದಿರುವುದು ತಪ್ಪು. ಆ ವರದಿಯಲ್ಲಿ ಇರುವುದು ೯೬ ಪುಟ.’

ಅದರ ಮುಂದಿನ ಟಿಪ್ಪಣಿಯೂ ನೋಟ್‌ಬುಕ್ಕಿನ ಅದೇ ಪುಟದ್ದು. ಬರದ ವರ್ಷ ಕೊನೆಗದ್ದೆಗೇ ಮೊದಲು ಏಕೆಂದು ಗಂಗುಲಪ್ಪ ತಾಯಿಯ ಬಾಯಿಂದಲೇ ಕಾರಣ ಕೊಟ್ಟಿದ್ದರು: ತೂಬಿನ ಪಕ್ಕದವನು ನೀರನ್ನು ನೋಡಿಕೊಂಡಾದರೂ ಕೂತಿರುತ್ತಾನೆ, ಕೊನೆಯವನಿಗೆ ಅದೂ ಕಾಣುವುದಿಲ್ಲ. ಮುನಿಲಕ್ಷ್ಮಿ ಅಲ್ಲಿಯೂ ಶಾಮಲಮ್ಮನಿಂದಲೇ ಶುರುಮಾಡಿ ಎಲ್ಲ ಹೆಸರುಗಳನ್ನೂ ಪೂರ್ತಿಯಾಗಿ ಟೈಪ್ ಮಾಡತೊಡಗಿದರು. ತ್ರಿವೇಣಿ ತಲೆಯೆತ್ತಿ ನೋಡಿದರು.

“ಅಕ್ಕಾ, ಇಲ್ಲಿ ‘ಅದೇ’ ಸಾಕಲ್ವಾ? ನಿಮ್ಮ ರೂಲ್ ಪ್ರಕಾರನೂ ಇವತ್ತೇ ಕೊನೇ ದಿನ.”

“ಸಾಕು” ಎಂದರು ಮುನಿಲಕ್ಷ್ಮಿ. “ಆದ್ರೆ ಬೇಡ.”

ಗಂಗುಲಪ್ಪ ಎಂದು ಟೈಪಾಯಿತು. ಅಲ್ಪವಿರಾಮ ಹಾಕಿ, ಅವರು ನೀರುಗಂಟಿ ಎಂಬ ಪದಕ್ಕೆ ಹೋದರು.